ಈ ದೂರು ಮೊದಲೇ ಬಂದಿದೆ

"ಲಕ್ಷಾಂತರ ಆಟಗಾರರ ಕೂಗಾಟವನ್ನೇ ಹದಕ್ಕೆ ತರುವ ನನಗೆ ಒಂದು ಮನೆಯ ಗೊಣಗಾಟ ಯಾವ ಲೆಕ್ಕ! ಇವತ್ತಿನಿಂದ ಈ ಮನೆಯಲ್ಲಿ ಸುಮ್ಮನೆ ಗೊಣಗುವ ಹಾಗಿಲ್ಲ. ದೂರಿದ್ದರೆ ಪದ್ಧತಿ ಪ್ರಕಾರ ಬರಲಿ!"

ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು ಅವನು ಈ ಘೋಷಣೆ ಹೊರಡಿಸಿದಾಗ ಹೆಂಡತಿ ಅಡುಗೆಮನೆಯ ಸಿಂಕಿನ ಕೆಳಗೆ ಬಕೆಟ್ ಇಡುತ್ತಿದ್ದಳು. ಬಗ್ಗಿದವಳು ಬಗ್ಗಿದ ಹಾಗೇ ಕೇಳಿದಳು:

"ಪದ್ಧತಿ ಅಂದ್ರೆ?"

"ನೀನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು. ಇಷ್ಟು ಹೇಳಿದ್ರೆ ಸಾಕು. ನಿಟ್ಟುಸಿರು, ಪಾತ್ರೆ ಕುಕ್ಕೋದು, ಇವೆಲ್ಲ ಮಾಹಿತಿ ಅಲ್ಲ."

"ಸರಿ. ನಲ್ಲಿ ತಿರುಗಿಸಿದೆ. ನೀರು ಪೈಪಿನೊಳಗೆ ಹೋಗಬೇಕಿತ್ತು. ನನ್ನ ಕಾಲ ಮೇಲೆ ಹೋಯ್ತು."

"ಆಹಾ, ಎಷ್ಟು ಸ್ಪಷ್ಟ! ಪ್ರತಿ ಸಲ ಹೀಗಾಗುತ್ತಾ, ಒಮ್ಮೊಮ್ಮೆನಾ?"

"ನಲ್ಲಿ ತಿರುಗಿಸಿದಾಗೆಲ್ಲ."

"ಹಾಗಾದ್ರೆ ಇದು ಹೋದ ವಾರ ನೀನು ಹೇಳಿದ ದೂರೇ. ಹೊಸದಲ್ಲ. ಹಳೆಯದಕ್ಕೆ ಸೇರಿಸಿದೀನಿ."

"ಸೇರಿಸಿದ್ರೆ ಸೋರೋದು ನಿಲ್ಲುತ್ತಾ?"

"ದೂರುಗಳ ಸಂಖ್ಯೆ ಕಡಿಮೆಯಾಗುತ್ತೆ!"

ಇದು ತಮಾಷೆಯ ಮಾತಲ್ಲ, ಅವನ ಹೊಟ್ಟೆಪಾಡು. ಭೌತಶಾಸ್ತ್ರದಲ್ಲಿ ಪದವಿ ಪಡೆದ ಅವನು ಆನ್‌ಲೈನ್ ಆಟ ತಯಾರಿಸುವ ಕಂಪನಿಯೊಂದರಲ್ಲಿ ಆಟಗಾರರ ಟೀಕೆಗಳನ್ನು ಓದಿ ವಿಂಗಡಿಸುವ ವಿಭಾಗದ ಮುಖ್ಯಸ್ಥ. ಆಟದಲ್ಲಿ ಎಲ್ಲೆಲ್ಲೋ ಕೂತ ನಾಲ್ಕು ಜನ ಸೇರಿ ಒಂದು ಹಡಗು ನಡೆಸಬೇಕು. ಒಬ್ಬ ಚುಕ್ಕಾಣಿ ಹಿಡಿಯುತ್ತಾನೆ, ಒಬ್ಬ ಹಾಯಿ ಬಿಚ್ಚುತ್ತಾನೆ, ಒಬ್ಬ ಫಿರಂಗಿ ಹಾರಿಸುತ್ತಾನೆ. ತಳದಲ್ಲಿ ತೂತು ಬಿದ್ದರೆ ನಾಲ್ಕನೆಯವನು ಬಕೆಟ್ ಹಿಡಿದು ನೀರು ಹೊರಗೆ ಚೆಲ್ಲಬೇಕು.

ಟೀಕೆಗಳು ಬರುವ ರೀತಿಯನ್ನು ಏನೆಂದು ಹೇಳೋಣ! 'ಈ ಆಟ ಮಾಡಿದವನ ಕೈ ಸೇದಿಹೋಗಲಿ' ಎಂದು ಒಬ್ಬ ಶಪಿಸಿದರೆ ಅವನು ಒಂಚೂರೂ ಬೇಸರಪಡದೆ, ಹಾಯಿಯ ಹಗ್ಗ ತಡವಾಗಿ ಬಿಚ್ಚಿಕೊಳ್ಳುತ್ತಿದೆ ಎಂಬ ಸತ್ಯವನ್ನು ಆ ಶಾಪದೊಳಗಿಂದ ಹೆಕ್ಕಿ ತೆಗೆಯುತ್ತಿದ್ದ. ಆಮೇಲೆ ಮೂರು ಮುದ್ರೆಗಳಲ್ಲಿ ಒಂದನ್ನು ಒತ್ತುತ್ತಿದ್ದ: 'ಸರಿಪಡಿಸುತ್ತೇವೆ', 'ಈ ದೂರು ಮೊದಲೇ ಬಂದಿದೆ', 'ಆಟ ಇರುವುದೇ ಹೀಗೆ'. ಎರಡನೆಯ ಮುದ್ರೆ ಒತ್ತಿಸಿಕೊಂಡ ದೂರು ಹಳೆಯ ರಾಶಿಯ ತಳ ಸೇರುತ್ತಿತ್ತು. ಅಲ್ಲಿಂದ ಮೇಲೆದ್ದು ಬಂದ ದೂರನ್ನು ಯಾರೂ ಕಂಡಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದ ದೂರು ಬಕೆಟ್ಟಿನದು. ಫಿರಂಗಿ ಹಾರಿಸಿದವನಿಗೆ ಅಂಕ ಉಂಟು, ಚುಕ್ಕಾಣಿ ಹಿಡಿದವನಿಗೆ ಅಂಕ ಉಂಟು. ಆಟ ಮುಗಿಯುವವರೆಗೆ ಬೆನ್ನು ಬಗ್ಗಿಸಿ ನೀರು ಎತ್ತಿದವನಿಗೆ ಸೊನ್ನೆ! ಇದಕ್ಕೆ ಅವನು ತಪ್ಪದೆ ಒತ್ತುತ್ತಿದ್ದುದು ಮೂರನೆಯ ಮುದ್ರೆ.

ಮನೆಯಲ್ಲಿ ಪದ್ಧತಿ ಜಾರಿಗೆ ಬಂದ ಮರುದಿನವೇ ಹೆಂಡತಿ ಪ್ಲಂಬರನ್ನು ಕರೆಸಿದಳು. ಗಂಡ ಬಾಗಿಲಲ್ಲೇ ಅಡ್ಡ ನಿಂತ.

"ಸೋರೋದಕ್ಕೆ ಕಾರಣ ಇನ್ನೂ ಪತ್ತೆಯಾಗಿಲ್ಲ. ಕಾರಣ ತಿಳಿಯದೆ ರಿಪೇರಿ ಮಾಡಿದ್ರೆ ಅದು ಊಹೆಯಾಗುತ್ತೆ, ವಿಜ್ಞಾನ ಆಗಲ್ಲ."

ಪ್ಲಂಬರ್ ಹೆಂಡತಿಯ ಮುಖ ನೋಡಿದ. "ಅಮ್ಮಾ, ಸಾಹೇಬ್ರಿಗೆ ಕಾರಣ ಸಿಕ್ಕಿದ ಮೇಲೆ ಫೋನ್ ಮಾಡಿ" ಎಂದು ಚೀಲ ಹೆಗಲಿಗೇರಿಸಿ ಹೊರಟೇಹೋದ.

ಆದರೆ ಅವಳಿಗೆ ಪೈಪಿಗಿಂತ ದೊಡ್ಡ ಸಂಗತಿಯೊಂದಿತ್ತು. ಅವಳು ಫಿಸಿಯೋಥೆರಪಿಸ್ಟ್. ಬಿದ್ದು ಸೊಂಟ ಮುರಿದುಕೊಂಡವರನ್ನು ಕೈಹಿಡಿದು ಮತ್ತೆ ನಡೆಸುವವಳು. ಬೇರೊಂದು ಊರಿನ ಹೊಸ ಆಸ್ಪತ್ರೆ ಅವಳನ್ನು ಆ ವಿಭಾಗದ ಮುಖ್ಯಸ್ಥೆಯಾಗಲು ಕರೆದಿತ್ತು. ಶನಿವಾರ ಸಂಜೆಯೊಳಗೆ ಬರುತ್ತೀನಿ ಅಥವಾ ಇಲ್ಲ ಎನ್ನಬೇಕು.

"ರೀ, ಆ ಕೆಲಸದ ವಿಷಯ. ಹೋಗ್ಲಾ?"

"ನೋಡೋಣ."

ಮಾರನೆಯ ದಿನ ಬಟ್ಟೆ ಮಡಿಸುತ್ತಾ ಕೇಳಿದಳು. "ನೋಡೋಣ." ಅದರ ಮಾರನೆಯ ದಿನ ಬಸ್ ಸ್ಟಾಪಿನಲ್ಲಿ, ಬಸ್ಸು ತಿರುವಿನಲ್ಲಿ ಕಾಣಿಸಿದಾಗ, ಕೇಳಿದಳು.

"ಇದನ್ನ ಮೊದಲೇ ಕೇಳಿದ್ದೀಯಲ್ಲ" ಎಂದ.

"ಉತ್ತರ ಬಂದಿಲ್ಲವಲ್ಲ, ಅದಕ್ಕೇ ಮತ್ತೆ ಕೇಳ್ತಿರೋದು."

"ಎಷ್ಟು ಸಲ ಕೇಳಿದ್ರೂ ಅದು ಒಂದೇ ದೂರು ಕಣೇ!"

ಅವಳು ಬಸ್ ಹತ್ತಿದಳು. ಕಿಟಕಿಯಿಂದ ಯಾವಾಗಲೂ ಕೈಬೀಸುತ್ತಿದ್ದವಳು ಅಂದು ಬೀಸಲಿಲ್ಲ. ಅದು ಅವನ ಗಮನಕ್ಕೆ ಬಂತು, ಆದರೆ ಅದು ಮಾಹಿತಿಯ ಲೆಕ್ಕಕ್ಕೆ ಸೇರದು ಎಂದುಕೊಂಡ. ಹೋಗು ಎಂದರೆ ಹೋಗಿಬಿಡುತ್ತಾಳೆ, ಬೇಡ ಎಂದರೆ ಜೀವಮಾನವಿಡೀ ಆ 'ಬೇಡ'ವನ್ನು ಅವನೇ ಹೊರಬೇಕು. ಹೀಗಾಗಿ 'ನೋಡೋಣ' ಎಂಬ ಮುದ್ರೆಯೇ ಸುರಕ್ಷಿತವಾಗಿತ್ತು.

ಶನಿವಾರ ಬಂತು. ಅಂದು ಮಧ್ಯಾಹ್ನ ಅವನು ಮನೆಯಿಂದಲೇ ಆಟಗಾರರ ಟೀಕೆಗಳಿಗೆ ನೇರ ಪ್ರಸಾರದಲ್ಲಿ ಉತ್ತರ ಕೊಡಬೇಕಿತ್ತು. ಕಂಪನಿಯ ಚರಿತ್ರೆಯಲ್ಲೇ ಮೊದಲ ಸಲ! ಪ್ರತಿ ಕೋಣೆಯ ಬೆಳಕನ್ನು ಶಾಸ್ತ್ರೋಕ್ತವಾಗಿ ಅಳೆದು, ಅಡುಗೆಮನೆಯ ಮೇಜೇ ಶ್ರೇಷ್ಠವೆಂದು ತೀರ್ಮಾನಿಸಿದ. ಅವನ ಬೆನ್ನ ಹಿಂದೆ ಸಿಂಕು. ಪೈಪಿನಿಂದ ಬಕೆಟ್ಟಿಗೆ ಬೀಳುವ ಟಪ್ ಟಪ್ ಸದ್ದು ಮೈಕಿಗೆ ಕೇಳಿಸಬಾರದಲ್ಲ? ಕೆಳಗೆ ಮಲಗಿ, ಪೈಪಿನ ಕೀಲಿಗೆ ಹಳೆಯ ಕಾಲುಚೀಲ ಸುತ್ತಿ, ಇಕ್ಕಳ ಹಾಕಿ ಬಿಗಿದ. ಸದ್ದು ನಿಂತಿತು. ಖಚಿತವಾಗಲಿ ಎಂದು ಇನ್ನೊಂದು ಅರ್ಧ ಸುತ್ತು ಬಿಗಿದ. ಒಳಗೆಲ್ಲೋ 'ಕಟ್' ಎಂದಿತು. ಸದ್ದು ನಿಂತೇ ಇತ್ತಲ್ಲ, ಅಷ್ಟು ಸಾಕಾಗಿತ್ತು ಅವನಿಗೆ.

ಪ್ರಸಾರ ಭರ್ಜರಿಯಾಗಿ ಶುರುವಾಯಿತು. ಪರದೆಯ ಪಕ್ಕದಲ್ಲಿ ಆಟಗಾರರ ಮಾತುಗಳು ಇರುವೆ ಸಾಲಿನಂತೆ ಹರಿದವು. ಮುರುಕು ಕತ್ತಿ ಎಂಬ ಹೆಸರಿನವನು ಕೇಳಿದ: 'ನೀರು ಎತ್ತುವವನಿಗೆ ಯಾಕೆ ಅಂಕ ಇಲ್ಲ?'

ಅವನು ಗಂಟಲು ಸರಿಮಾಡಿಕೊಂಡ. "ಒಳ್ಳೆಯ ಪ್ರಶ್ನೆ. ಹಡಗು ಮುಳುಗದೆ ಇರುವುದೇ ಅವನಿಗೆ ಸಿಗುವ ಬಹುಮಾನ. ಆಟ ಇರುವುದೇ ಹೀಗೆ!"

ಅದೇ ಹೊತ್ತಿಗೆ ಹಿಂದೆ ಹೆಂಡತಿ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದಳು. ಕಾಲುಚೀಲ ಸಮೇತ ಪೈಪು ಕಳಚಿ ಬಿತ್ತು! ಸಿಂಕಿನ ನೀರೆಲ್ಲ ನೆಲಕ್ಕೆ. ನಿಲ್ಲಿಸೋಣವೆಂದರೆ ನಲ್ಲಿಯ ಹಿಡಿ ಅವಳ ಕೈಗೇ ಬಂತು. ಅವಳು ಕೂಗಾಡಲಿಲ್ಲ. ಬಕೆಟ್ ಎತ್ತಿಕೊಂಡಳು, ತುಂಬಿದಳು, ಹಿತ್ತಿಲ ಬಾಗಿಲಿಂದ ಹೊರಗೆ ಚೆಲ್ಲಿದಳು, ಮತ್ತೆ ತುಂಬಿದಳು. ನೀರು ಅವನ ಚಪ್ಪಲಿಯನ್ನು ತೇಲಿಸಿಕೊಂಡು ಹೊರಟಾಗ ಕರೆದಳು:

"ರೀ, ಸ್ವಲ್ಪ ಎದ್ದು ಬನ್ನಿ, ಪೈಪ್—"

ಅವನು ಕ್ಯಾಮೆರಾದಿಂದ ಕಣ್ಣು ಕೀಳದೆ, ಅಭ್ಯಾಸಬಲದಿಂದ, ಸ್ಪಷ್ಟ ಉಚ್ಚಾರಣೆಯಲ್ಲಿ, ಲೋಕಕ್ಕೆಲ್ಲ ಕೇಳುವಂತೆ ನುಡಿದ:

"ಈ ದೂರು ಮೊದಲೇ ಬಂದಿದೆ."

ಪರದೆಯ ಮೇಲಿನ ಇರುವೆ ಸಾಲು ಒಂದು ಕ್ಷಣ ನಿಂತಿತು. ಆಮೇಲೆ ಗೂಡೇ ಒಡೆಯಿತು!

'ಸಾರ್, ನಿಮ್ಮ ಹಡಗು ಮುಳುಗ್ತಿದೆ!'

'ಇವರೇ ನೋಡ್ರಪ್ಪಾ, ತಳ ತೂತಾದಾಗ ಮೇಲೆ ನಿಂತು ಕುಣಿಯೋ ಆಟಗಾರ!'

'ಬಕೆಟ್ ಅಕ್ಕನಿಗೆ ಅಂಕ ಕೊಡಿ!'

'ಅಕ್ಕಾ, ಇಂಥವರನ್ನ ತಂಡದಿಂದ ಹೊರಗೆ ಹಾಕೋ ಗುಂಡಿ ಎಡಗಡೆ ಮೇಲಿದೆ!'

ಅವಳು ಬಕೆಟ್ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು ಪರದೆ ಓದಿದಳು. ನಕ್ಕಳು. ಆ ನಗೆಯನ್ನು ಅವನು ಬಹಳ ದಿನಗಳಿಂದ ಕೇಳಿರಲಿಲ್ಲ. ಈಗ ಕೇಳಿದ್ದೂ ಅವನಿಗಾಗಿ ನಕ್ಕ ನಗೆಯಲ್ಲ.

"ಏನಪ್ಪಾ, ನೀವು ಕೇಳಿದ್ದಕ್ಕಾದ್ರೂ ಇವರು ಉತ್ತರ ಕೊಡ್ತಾರಾ?"

'ಇಲ್ಲ ಅಕ್ಕಾ! ರಾಶಿಗೆ ಸೇರಿಸ್ತಾರೆ!'

"ಹಾಗಾದ್ರೆ ನಾವೆಲ್ಲ ಒಂದೇ ಹಡಗು." ಅವಳು ಸ್ಟೂಲ್ ಎಳೆದುಕೊಂಡು ಕೂತಳು. "ನನ್ನದೂ ಒಂದು ದೂರಿದೆ, ಪದ್ಧತಿ ಪ್ರಕಾರ ಹೇಳ್ತೀನಿ. ಏನು ಮಾಡಿದೆ? ಬೇರೆ ಊರಲ್ಲಿ ಒಳ್ಳೆ ಕೆಲಸ ಬಂದಿದೆ, ಹೋಗ್ಲಾ ಅಂತ ಕೇಳಿದೆ. ಏನಾಗಬೇಕಿತ್ತು? ಹೋಗು ಅನ್ನಬೇಕಿತ್ತು, ಇಲ್ಲ ಬೇಡ ಅನ್ನಬೇಕಿತ್ತು. ನಾನೂ ಬರ್ತೀನಿ ಅಂದಿದ್ರಂತೂ ಇನ್ನೂ ಒಳ್ಳೇದಿತ್ತು. ಏನಾಯ್ತು? ನೋಡೋಣ ಅಂದ್ರು. ಇವತ್ತು ಸಂಜೆಗೆ ಗಡುವು."

'ಹೋಗಿ ಅಕ್ಕಾ!' 'ಹೋಗಿ!' 'ಹೋಗಿ!' ಪರದೆ ತುಂಬಿ ಹೋಯಿತು. ಮುಖ ನೋಡದವರು, ಹೆಸರು ತಿಳಿಯದವರು, ನಿನ್ನೆಯವರೆಗೆ ಒಬ್ಬರನ್ನೊಬ್ಬರು ಹೀನಾಮಾನ ಬೈದುಕೊಂಡವರು, ಉಸಿರು ಬಿಡುವಷ್ಟರಲ್ಲಿ ಉತ್ತರ ಕೊಟ್ಟಿದ್ದರು!

ಅವಳು ಅದನ್ನು ಓದಲಿಲ್ಲ. ಅವನ ಕಡೆಗೇ ತಿರುಗಿದಳು.

"ಅವರು ಹೇಳಿದ್ರು. ನೀವು ಹೇಳಿ."

ನಾನೂ ಬರ್ತೀನಿ ಎಂಬ ಎರಡು ಪದ ಅವನ ನಾಲಿಗೆಯ ತುದಿಯವರೆಗೆ ಬಂದವು. ಇದು ಆಣೆ ಮಾಡಿ ಹೇಳಬಹುದಾದ ಸತ್ಯ. ಆದರೆ ಎದುರಿಗೆ ಕ್ಯಾಮೆರಾ, ಕಾಲಡಿಯಲ್ಲಿ ನೀರು, ಪಕ್ಕದಲ್ಲಿ ಮೇಲಧಿಕಾರಿಯ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಬಾಯಿ ತೆರೆದ. ಎಷ್ಟೋ ವರ್ಷ ತಿರುಗಿ ತಿರುಗಿ ಸವೆದ ಹಲ್ಲುಚಕ್ರ ತನ್ನಷ್ಟಕ್ಕೆ ತಿರುಗಿತು.

"ಅದು... ನೋಡೋಣ."

"ನೋಡಿದ್ದಾಯ್ತು" ಎಂದಳು. ಪಾದ ಮುಳುಗುವ ನೀರಲ್ಲಿ ನಿಂತೇ ಆಸ್ಪತ್ರೆಗೆ ಫೋನ್ ಮಾಡಿ, ಬರುತ್ತೇನೆ ಎಂದಳು. ಆಮೇಲೆ ಬಕೆಟ್ಟನ್ನು ಅವನ ಕೈಗಿತ್ತು, ಪೆಟ್ಟಿಗೆ ಇಳಿಸಲು ಒಳಗೆ ಹೋದಳು.

ಮೇಲಧಿಕಾರಿ ಬೈಯಲಿಲ್ಲ, ಹೊಗಳಿದರು! ಅಷ್ಟು ಜನ ನೋಡಿದ ಪ್ರಸಾರ ಇನ್ನೊಂದಿಲ್ಲವಂತೆ. ಆಟದ ಹೊಸ ಆವೃತ್ತಿಯಲ್ಲಿ ನೀರು ಎತ್ತುವವನಿಗೇ ಎಲ್ಲರಿಗಿಂತ ಹೆಚ್ಚು ಅಂಕ. ಬಕೆಟ್ಟಿಗೆ 'ಅಕ್ಕನ ಬಕೆಟ್' ಎಂದೇ ನಾಮಕರಣ. ಆ ದೂರಿನ ಮೇಲೆ 'ಸರಿಪಡಿಸಿದ್ದೇವೆ' ಎಂದು ಅವನೇ ಒತ್ತಬೇಕಾಯಿತು. ಒತ್ತಿದ.

"ನಿಮ್ಮ ಮನೆಯವರಿಗೆ ನಮ್ಮೆಲ್ಲರ ಪರವಾಗಿ ಥ್ಯಾಂಕ್ಸ್ ಹೇಳಿಬಿಡಿ" ಎಂದರು ಮೇಲಧಿಕಾರಿ.

"ಹೇಳ್ತೀನಿ" ಎಂದ. ಅವಳು ಊರು ಬಿಟ್ಟು ಆಗಲೇ ತಿಂಗಳಾಗಿತ್ತು.

ಅಡುಗೆಮನೆಯ ನೀರನ್ನೇ ಅವನು ಅಲ್ಲಿಯವರೆಗೆ ಬಂದ್ ಮಾಡಿಟ್ಟಿದ್ದ. ಆ ಭಾನುವಾರ ಪ್ಲಂಬರ್ ಬಂದು ಹೊಸ ಪೈಪು, ಹೊಸ ನಲ್ಲಿ ಹಾಕಿದ. ಸೋರಿದ ಕಾರಣ ಕೇಳುವ ಧೈರ್ಯ ಗಂಡನಿಗೆ ಬರಲಿಲ್ಲ. ನೆಲ ಒಣಗಿತ್ತು. ಮನೆ ನಿಶ್ಶಬ್ದವಾಗಿತ್ತು. ಒಂದೇ ಒಂದು ದೂರಿಲ್ಲ! ಅವನು ಕನಸು ಕಂಡಿದ್ದ ಆದರ್ಶ ಮನೆ ಕೊನೆಗೂ ಕೈಗೂಡಿತ್ತು.

ಅಡುಗೆಮನೆಯ ಮೇಜಿನ ಮುಂದೆ ಕೂತು ಹೆಂಡತಿಗೆ ಸಂದೇಶ ಬರೆದ: 'ಪೈಪ್ ಸರಿಯಾಯ್ತು. ನಾನೂ ಅಲ್ಲಿಗೇ ಬರಲಾ?'

ಸ್ವಲ್ಪ ಹೊತ್ತಿಗೆ ಫೋನು ಮಿಣುಕಿತು. ಒಂದೇ ಪದ.

'ನೋಡೋಣ.'

ಮತ್ತೊಮ್ಮೆ ಅದೇ ಪ್ರಶ್ನೆಯನ್ನು ಟೈಪ್ ಮಾಡಿದ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ತೆಗೆದುಬಿಟ್ಟ. ಎರಡನೆಯ ಸಲ ಕೇಳಿದ್ದು ಯಾವ ರಾಶಿಯ ತಳಕ್ಕೆ ಹೋಗುತ್ತದೆಂದು ಈ ಜಗತ್ತಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಇನ್ನಾರಿದ್ದಾರೆ!