ಪುಕ್ಕಟೆ ಸೊಪ್ಪಿನ ಪರೀಕ್ಷೆ

ಗಡಿಯಾರ ರಿಪೇರಿಯವನಿಗೆ ಅಂದು ಬೆಳಗಿನ ವಾಕಿಂಗಿನಲ್ಲಿ ಜ್ಞಾನೋದಯವಾಯಿತು. ಖಾಲಿ ಸೈಟಿನ ತುಂಬ ಗೋಣಿ ಸೊಪ್ಪು! ಯಾರೂ ಬಿತ್ತಿಲ್ಲ, ಯಾರೂ ನೀರೆರೆದಿಲ್ಲ. ಚೀಲ ತುಂಬಿಸಿಕೊಂಡು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮನೆಗೆ ಬಂದ. (ಚಕ್ರವರ್ತಿಯ ಎರಡೂ ಮಂಡಿಗೆ ಕೆಸರು ಮೆತ್ತಿತ್ತು.)

"ಇದೇನ್ರೀ, ಯಾರ ಮನೆ ಕಳೆ ಕಿತ್ಕೊಂಡು ಬಂದ್ರಿ?" ಎಂದಳು ಹೆಂಡತಿ.

"ಕಳೆ ಅಲ್ಲ ಕಣೇ, ತಿಂದ್ರೆ ಮುಖಕ್ಕೆ ಕಳೆ ಬರತ್ತೆ!"

"ಸರಿಯಾಗಿ ನೋಡಿ ಕಿತ್ತಿದೀರಿ ತಾನೇ?"

"ಕೂದಲೆಳೆಯಂಥ ಸ್ಪ್ರಿಂಗ್ ಹುಡುಕೋ ಕಣ್ಣು ಇದು. ಸೊಪ್ಪು ಗುರುತು ಹಿಡಿಯಲ್ವಾ?"

ವಾರದ ಮಟ್ಟಿಗೆ ಬಂದಿದ್ದ ಅತ್ತೆ ಪೇಪರಿನ ಮೇಲಿಂದ ಚೀಲದತ್ತ ಒಮ್ಮೆ ನೋಡಿದರು. ಪೇಪರು ಮಡಚಿಟ್ಟರು.

ಮಧ್ಯಾಹ್ನ ಅವನು ಅಂಗಡಿಯಿಂದ ಬರುವುದು ತಡವಾಯಿತು. ಅಷ್ಟರಲ್ಲಿ ಅಮ್ಮ ಮಗಳ ಊಟ ಮುಗಿದಿತ್ತು. "ಸೊಪ್ಪು ತುಂಬಾ ಚೆನ್ನಾಗಿತ್ತು ಕಣ್ರೀ, ಅಮ್ಮ ಎರಡು ಸಲ ಹಾಕಿಸ್ಕೊಂಡ್ಳು," ಎಂದಳು ಹೆಂಡತಿ. ಅವನು ಹಿಗ್ಗಿ ಹೀರೇಕಾಯಿಯಾದ. ಕೈ ತೊಳೆಯಲು ಹೋದಾಗ, ಮೊಳೆಗೆ ತೂಗುಹಾಕಿದ್ದ ಚೀಲದಿಂದ ಒಂದು ಕುಡಿ ಇಣುಕುತ್ತಿತ್ತು. ಸುಮ್ಮನೆ ಮುರಿದ.

ತೊಟ್ಟಿನಿಂದ ಬಿಳಿ ಹಾಲು ಜಿನುಗಿತು.

ಗೋಣಿ ಸೊಪ್ಪಿನಲ್ಲಿ ಹಾಲಿರುವುದಿಲ್ಲ. ಹಾಲಿರುವುದು ಅದರ ಪಕ್ಕದಲ್ಲೇ ಹಬ್ಬುವ, ಅದರಂತೆಯೇ ಕಾಣುವ ಇನ್ನೊಂದರಲ್ಲಿ. ಅದು ವಿಷ. ಇದೆಲ್ಲ ಅವನಿಗೆ ಗೊತ್ತಿತ್ತು. ಕೀಳುವಾಗ ನೆನಪಾಗಲಿಲ್ಲ, ಅಷ್ಟೆ.

ನಡುಮನೆಗೆ ಓಡಿದ. ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಗೊರಕೆ ಬರುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಇವನ ಉಸಿರೂ ನಿಲ್ಲುತ್ತಿತ್ತು.

"ಅತ್ತೆ! ಹೊಟ್ಟೆ ಹೇಗಿದೆ?"

ಅತ್ತೆ ಬೆಚ್ಚಿಬಿದ್ದು ಎದ್ದರು. "ನೋಡೇ, ನಿನ್ನ ಗಂಡ ಇಪ್ಪತ್ತು ವರ್ಷಕ್ಕೆ ಮೊದಲನೇ ಸಲ ನನ್ನ ಆರೋಗ್ಯ ವಿಚಾರಿಸ್ತಿದಾರೆ!" ಅವರ ಕಣ್ಣಲ್ಲಿ ನೀರು. (ವಿಷದ ಲಕ್ಷಣವೇ?)

"ನನಗೂ ಯಾಕೋ ಕಣ್ಣು ಎಳೀತಿದೆ," ಎಂದು ಹೆಂಡತಿ ಆಕಳಿಸಿದಳು.

ಹಿತ್ತಲ ಬಾಗಿಲ ಬಳಿ ತಟ್ಟೆಯಲ್ಲಿ ಒಂದಿಷ್ಟು ಹಸಿ ಸೊಪ್ಪು ಉಳಿದಿತ್ತು. ಒಂದು ಕಡ್ಡಿ ಮುರಿದ: ಹಾಲು. ಇನ್ನೊಂದು: ಹಾಲು. ಮಿಕ್ಕಿದ್ದೇ ಹೀಗಿದ್ದರೆ ಬೆಂದದ್ದು ಇನ್ನು ಹೇಗಿದ್ದೀತು! ಎರಡು ಜೀವಗಳನ್ನು ಆಪತ್ತಿಗೆ ತಳ್ಳಿದವನಿಗೆ ಬದುಕುವ ಹಕ್ಕಿಲ್ಲ. ಆಗುವುದೇನಿದ್ದರೂ ತನಗೂ ಆಗಲಿ ಎಂದು ಒಂದು ಹಿಡಿ ಬಾಯಿಗೆ ತುರುಕಿ ಅಗಿದ.

ನಾಲಿಗೆಗೆ ಬೆಂಕಿ ಬಿತ್ತು. ಅವನ ಚೀರಾಟಕ್ಕೆ ಇಬ್ಬರೂ ಓಡಿ ಬಂದರು.

"ಅಯ್ಯೋ ಅಳಿಯಂದ್ರೇ, ಉಗೀರಿ, ಉಗೀರಿ! ಬೆಳಗ್ಗೆಯೆಲ್ಲ ಕೂತು ಒಂದೊಂದೇ ಕಡ್ಡಿ ಆರಿಸಿ, ಹಾಲು ಬರೋದನ್ನೆಲ್ಲ ಬಿಸಾಡೋಕೆ ಅಂತ ಬೇರೆ ತೆಗೆದಿಟ್ಟಿದ್ದೆ. ಅದನ್ನೇ ತಿಂದ್ರಾ?"

ಡಾಕ್ಟರು ನಾಲಿಗೆ ನೋಡಿ, ಪ್ರಾಣಕ್ಕೇನೂ ಇಲ್ಲ, ಊತ ಇಳಿಯಲು ಎರಡು ದಿನ ಬೇಕು, ಅಲ್ಲಿಯವರೆಗೆ ಮಾತು ಬೇಡ ಎಂದರು. ಮನೆಗೆ ಬಂದ ಮೇಲೆ ಹೆಂಡತಿ ತಂಪು ಮಜ್ಜಿಗೆ ಕುಡಿಸುತ್ತ ಪಕ್ಕದಲ್ಲಿ ಕೂತಳು.

"ರೀ, ನಿಮ್ಮ ಅವಸ್ಥೆ ನೋಡಿ ಅಮ್ಮನಿಗೆ ತಡೆಯೋಕಾಗ್ತಿಲ್ಲ. ಇನ್ನೂ ಮೂರು ತಿಂಗಳು ಇಲ್ಲೇ ಇದ್ದು, ದಿನಾ ಬೆಳಗ್ಗೆ ನಿಮ್ಮನ್ನ ಕರ್ಕೊಂಡು ಹೋಗಿ ಸೊಪ್ಪು ಗುರುತು ಹಿಡಿಯೋದು ಕಲಿಸ್ತಾಳಂತೆ. ಬೇಡ ಅಂದ್ರೆ ಈಗಲೇ ಬೇಡ ಅಂತ ಬಾಯಿ ಬಿಟ್ಟು ಹೇಳ್ಬಿಡಿ."

ಅವನು ಸರ್ವಶಕ್ತಿಯನ್ನೂ ಒಟ್ಟುಗೂಡಿಸಿ ಬಾಯಿ ತೆರೆದ.

"ಹ್ಹೂಂ...ಹೂಂ!"

"ನೋಡಿದ್ಯಾ," ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು, "ಎರಡೆರಡು ಸಲ ಹೂಂ ಅಂದ್ರು!"