ಅತ್ತೆಯ ಕಣ್ಣು, ಅಳಿಯನ ವ್ಯಾನು

“ಮೆಕ್ಯಾನಿಕ್ಕಾ? ನಾನು ಬದುಕಿರುವಾಗ ಈ ವ್ಯಾನನ್ನ ಇನ್ನೊಬ್ಬ ಮುಟ್ಟೋದುಂಟಾ!”

ಹೀಗೆಂದು ಮೇಷ್ಟ್ರು ಘೋಷಿಸಿದ್ದರು. ಅವರ ಡೀಸೆಲ್ ವ್ಯಾನು ಅವರ ಮದುವೆಗಿಂತ ಹಳೆಯದು, ಮದುವೆಗಿಂತ ಹೆಚ್ಚು ಗಲಾಟೆಯದು. ಒಳಗೆಲ್ಲ ಡೀಸೆಲ್ ವಾಸನೆ. ಅತ್ತೆ ಮೂಗು ಮುಚ್ಚಿಕೊಂಡೇ ಹತ್ತುತ್ತಿದ್ದರು. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಹೊರಡುವ ಹಿಂದಿನ ದಿನ ಮೇಷ್ಟ್ರು ಮಹಾಕಾರ್ಯಕ್ಕೆ ಕೈ ಹಾಕಿದರು. ವಾಸನೆ ಹೊರಬರದಂತೆ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ರಬ್ಬರು ಕೂರಿಸಿ, ಅದರಲ್ಲಿದ್ದ ಸಣ್ಣ ತೂತಿಗೂ ಮೇಣ ತುಂಬಿ, ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಪೇಟೆಯ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ತಿಂಗಳಿಗೊಮ್ಮೆ ಮಾತ್ರ ಬರುವವರು. ಹತ್ತು ಗಂಟೆಗೆ ತಲುಪದಿದ್ದರೆ ಸರದಿ ಹೋಯಿತು. ಅತ್ತೆ ಇನ್ನೊಂದು ತಿಂಗಳು ಗೋಡೆ ಸವರಿಕೊಂಡೇ ಓಡಾಡಬೇಕು.

ಊರು ದಾಟಿ ಏರು ಶುರುವಾಗುತ್ತಲೇ ವ್ಯಾನಿನ ಉಸಿರು ಕಟ್ಟಿತು. ಮೇಷ್ಟ್ರು ಆಕ್ಸಿಲರೇಟರನ್ನು ನೆಲಕ್ಕೇ ಅದುಮಿದರೂ ಎಂಜಿನ್ ಮೇಲೇಳಲೊಲ್ಲದು. ಹಿಂದೆ ಲಾರಿಯೊಂದು ಕಿವಿ ಹರಿಯುವಂತೆ ಹಾರನ್ ಹೊಡೆಯಿತು.

“ರೀ, ಹಿಂದಕ್ಕೆ ಜಾರ್ತಿದೆ!” ಎಂದು ಹೆಂಡತಿ ಚೀರಿದಳು.

ಮೇಷ್ಟ್ರು ಹೇಗೋ ಬದಿಗೆ ನಿಲ್ಲಿಸಿ, ಏರ್ ಫಿಲ್ಟರ್ ಬಿಚ್ಚಿ, ಬಡಿದು, ಅದರ ಧೂಳನ್ನೆಲ್ಲ ಮುಖಕ್ಕೆ ಬಳಿದುಕೊಂಡರು. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದರು. ಡೀಸೆಲ್ ಬೇಕಾದಷ್ಟಿತ್ತು. ಮುಚ್ಚಿ ಸ್ಟಾರ್ಟ್ ಮಾಡಿದರೆ, ವ್ಯಾನು ಗುಡುಗಿತು!

“ನೋಡಿದ್ಯಾ? ಏರ್ ಫಿಲ್ಟರ್!”

ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ಅದೇ ರಾಗ. ಈ ಸಲ ಡೀಸೆಲ್ ಫಿಲ್ಟರಿನ ಮೇಲೆ ದಂಡಯಾತ್ರೆ. ಮತ್ತೆ ಮುಚ್ಚಳ, ಮತ್ತೆ ಕಡ್ಡಿ, ಮತ್ತೆ ಗುಡುಗು. ಏರಿನ ತುದಿ ಕಾಣುವಾಗ ಎಂಜಿನ್ ಪೂರ್ತಿ ಆರಿಹೋಯಿತು.

“ಒಂಬತ್ತೂವರೆ ಆಯ್ತು,” ಎಂದಳು ಹೆಂಡತಿ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಮೇಷ್ಟ್ರಿಗೆ ನಿಜಕ್ಕೂ ಭಯವಾಯಿತು. “ಪಂಪೇ ಹೋಗಿರ್ಬೇಕು ಕಣೆ…” ಎನ್ನುತ್ತಾ ಸ್ಪ್ಯಾನರ್ ಕೆಳಗಿಟ್ಟರು.

ಹಿಂದಿನ ಸೀಟಿನಿಂದ ಅತ್ತೆ ಕೆಮ್ಮಿದರು. “ಅಳಿಯಂದಿರೇ, ಆ ‘ಹುಸ್’ ಅನ್ಸೋದನ್ನ ಇನ್ನೊಂದ್ಸಲ ಮಾಡಿ ನೋಡೋಣ.”

“ಯಾವ ಹುಸ್ ಅತ್ತೆ?”

“ಎರಡು ಸಲನೂ ಹಿಂದ್ಗಡೆ ಏನೋ ತೆಗೆದ್ರಿ, ಹುಸ್ ಅಂತು, ಆಮೇಲೆ ಗಾಡಿ ಹೊರಡ್ತು. ನನಗೆ ಕಾಣಲ್ಲ, ಕಿವಿ ಕೇಳುತ್ತೆ.”

ಮೇಷ್ಟ್ರು ಮುಚ್ಚಳ ತಿರುಗಿಸಿದರು. ಹುಸ್ಸ್! ಟ್ಯಾಂಕು ಗಬಕ್ಕನೆ ಗಾಳಿ ಎಳೆದುಕೊಂಡಿತು.

“ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದ್ರೆ ಎಣ್ಣೆ ಸರಿಯಾಗಿ ಬೀಳುತ್ತಾ? ಗಾಳಿಗೆ ಇನ್ನೊಂದು ಬೇಡ್ವಾ? ಆ ಮುಚ್ಚಳಕ್ಕೆ ತೂತು ಇಲ್ವಾ?”

“ಇತ್ತು…” ಎಂದರು ಮೇಷ್ಟ್ರು, ನೆಲ ನೋಡುತ್ತಾ.

“ಇತ್ತು ಅಂದ್ರೆ?” ಎಂದು ಹೆಂಡತಿ ದಿಟ್ಟಿಸಿದಳು. ಮೇಷ್ಟ್ರು ಮೇಣ ಮೆತ್ತಿದ ತೂತನ್ನು ಬೆರಳಿಂದ ತೋರಿಸಿದರು. ಅವಳು ತಲೆಯಿಂದ ಹೇರ್‌ಪಿನ್ ಕಿತ್ತು ಕೈಗಿಟ್ಟಳು. ಮೇಷ್ಟ್ರು ತಾವೇ ತುಂಬಿದ ಮೇಣವನ್ನು ತಾವೇ ಕೆದಕಿ ತೆಗೆದರು, ರಬ್ಬರನ್ನೂ ಕಿತ್ತೆಸೆದರು. ವ್ಯಾನು ಒಂದೇ ಉಸಿರಿಗೆ ಏರು ಹತ್ತಿತು. ಒಳಗೆ ಡೀಸೆಲ್ ಘಮಘಮ. ಯಾರೂ ಮೂಗು ಮುಚ್ಚಲಿಲ್ಲ.

ಹತ್ತಕ್ಕೆ ಸರಿಯಾಗಿ ಆಸ್ಪತ್ರೆಯ ಬಾಗಿಲು ಹಾಕುತ್ತಿದ್ದ ನರ್ಸು ಇವರನ್ನು ಕಂಡು ನಿಂತಳು. ಮಗಳ ಕೈ ಹಿಡಿದು ನಡೆಯುತ್ತಿದ್ದ ಅತ್ತೆಯನ್ನೂ, ಮಸಿ ಮೆತ್ತಿಕೊಂಡು ಕಣ್ಣುಜ್ಜಿಕೊಳ್ಳುತ್ತಿದ್ದ ಅಳಿಯನನ್ನೂ ನೋಡಿ, “ಆಪರೇಷನ್ ಯಾರಿಗೆ?” ಎಂದಳು.

“ಮೊದ್ಲು ನನಗೆ ಮಾಡಿಬಿಡಮ್ಮ,” ಎಂದರು ಅತ್ತೆ. “ಅಳಿಯಂದಿರದ್ದು ಅವಸರ ಇಲ್ಲ. ಇಷ್ಟು ವರ್ಷ ಹಾಗೇ ನಡೀತಿದೆ.”