ನಮ್ಮ ಸ್ಟೇಷನ್ ಮಾಸ್ತರಗ ಲಗ್ನ ಬ್ಯಾಡ್ರಿ

ಕಥಿ ಬರಿಯೂದು ಒಬ್ಬರ ಕೆಲಸ, ಕಥಿಯೊಳಗಿನ ಮಂದಿಗೆ ಲಗ್ನ ಮಾಡೂದು ಮಾತ್ರ ಇಡೀ ಬೆಳಗಾವಿ ಕೆಲಸ! ಇದು ನನ್ನ ಸ್ವಂತ ಅನುಭವ. ಹೇಳೂವಾಗ ಇವತ್ತಿಗೂ ಸಿಟ್ಟು ನೆತ್ತಿಗೇರತದ.

೧೯೨೫ರ ಆಜೂಬಾಜೂಕಿನ ಮಾತಿದು. ಗಂಡ ತೀರಿಕೊಂಡ ಮ್ಯಾಲ ನಾನು ಕಲತು, ಬೆಳಗಾವಿ ಹೆಣ್ಣುಮಕ್ಕಳ ಸಾಲಿಯೊಂದರಾಗ ಅಕ್ಕೋರಾಗಿ ಸೇರಿದ್ದೆ. ಅಲ್ಲಿ ಲೆಕ್ಕದ ಮಾಸ್ತರರ ಜೋಡಿ ಎರಡು ಮಾತಾಡಿದ್ರ ಸಾಕು, ಸಂಜೀಕ ಓಣಿ ತುಂಬ ಸುದ್ದಿ. ಥೂ, ಇವರ ಬಾಯಿಗಿಷ್ಟು ಮಣ್ಣು ಹಾಕ! ಖರೇ ಜಗತ್ತಿನ್ಯಾಗ ಜಾಗಾ ಇಲ್ಲದಿದ್ರ ಬ್ಯಾಡ, ನನ್ನ ಕಥಿಯೊಳಗರ ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು ಆರಾಮ ಕೂತು ಮಾತಾಡ್ಲಿ ಅಂತ ಒಂದು ವಾರಪತ್ರಿಕಿಗೆ ವಾರಕ್ಕೊಂದು ಪ್ರಕರಣ ಬರಿಯಾಕ ಸುರು ಮಾಡಿದೆ.

೧. ಸಂಪಾದಕರ ಹುಕುಂ

ಕಥಿ ಇಷ್ಟೇ. ಗುಂಜಿ ಸ್ಟೇಷನ್ನಿಗೆ ಒಬ್ಬ ಮಾಸ್ತರ, ಅದೇ ಊರಿನ ದವಾಖಾನಿಗೆ ಒಬ್ಬಾಕಿ ನರ್ಸಬಾಯಿ. ಔಷಧದ ಪೆಟ್ಟಿಗಿ ಒಯ್ಯಾಕ ಆಕಿ ಸ್ಟೇಷನ್ನಿಗೆ ಬರ್ತಾಳ, ಗಾಡಿ ತಡಾ ಆಗತದ. ಇಬ್ರೂ ಬೆಂಚಿನ ಮ್ಯಾಲ ಕೂತು ಸೇಂಗಾ ತಿನಕೋತ ಹರಟಿ ಹೊಡೀತಾರ, ಜಗಳಾಡ್ತಾರ, ನಗತಾರ. ಗಾಡಿ ಬಂದ ಮ್ಯಾಲ ಅಂವ ನಿಶಾನಿ ಹಿಡೀತಾನ, ಆಕಿ ಪೆಟ್ಟಿಗಿ ಹಿಡಕೊಂಡು ಹೋಗತಾಳ.

"ಮುಂದ?" ಅಂದ್ರು ಸಂಪಾದಕರು.

"ಮುಂದೇನ್ರಿ? ಮುಂದಿನ ವಾರ ಮತ್ತ ಗಾಡಿ ತಡಾ ಆಗತದ."

"ಅಕ್ಕೋರ, ಲಗ್ನ ಯಾವಾಗ ಅಂತ ಕೇಳಾಕ್ಹತ್ತೀನಿ."

"ಅವ್ರು ದೋಸ್ತ್ರು, ರಾಯರ."

"ಓದೂ ಮಂದಿ ಅಕ್ಷತಿ ಹಿಡಕೊಂಡು ನಿಂತಾರ್ರಿ! ಕಡೀ ಪ್ರಕರಣದಾಗ ಲಗ್ನ ಬೇಕು. ನೀವು ಬರೀದಿದ್ರ ನಾನೇ ಬರದು ಛಾಪಸ್ತೀನಿ."

ಮೈ ಉರದು ಹೋತು. "ನಾ ಬಂದಾಗೊಮ್ಮೆ ಹೆಂಡತಿ ಮ್ಯಾಲ ನನ್ನ ಮುಂದ ತಕರಾರು ಹೇಳತೀರಿ. ನಮ್ಮ ಸ್ಟೇಷನ್ ಮಾಸ್ತರ ನಿಮಗೇನು ಅನ್ಯಾಯ ಮಾಡ್ಯಾನ?" ಅಂದು ಎದ್ದು ಬಂದೆ.

೨. ಅತ್ತಿಯವರ ಪ್ರಶ್ನಿ

ಮನಿಗೆ ಬಂದ್ರ ಅತ್ತಿಯವರು. ಅವರಿಗೆ ಓದಾಕ ಬರತಿರಲಿಲ್ಲ, ಪ್ರತಿ ವಾರ ನಾನೇ ಓದಿ ಹೇಳಬೇಕು. ಕೇಳಿ ಮುಗದ ಕೂಡ್ಲೆ, "ಹುಡುಗನ ಗೋತ್ರ ಯಾವದು?" ಅಂದ್ರು.

ಅಬ್ಬಾ, ಛಲೋ ಉಪಾಯ ಸಿಕ್ತು ಅನಕೊಂಡೆ. ಮುಂದಿನ ಪ್ರಕರಣದಾಗ ಇಬ್ಬರದೂ ಒಂದೇ ಗೋತ್ರ ಅಂತ ಬರದುಬಿಟ್ಟೆ. ಇನ್ನ ಯಾರು ಲಗ್ನ ಮಾಡತಾರ ನೋಡೂಣು!

ಅತ್ತಿ ಕೇಳಿ ತಲಿದೂಗಿದ್ರು. "ಹಂಗಾರ ಅಣ್ಣ-ತಂಗಿ ಆದ್ರು. ಮತ್ತ ದೀಪಾವಳಿಗೆ ಆಕಿ ಅವಗ ಆರತಿ ಯಾಕ ಮಾಡಲಿಲ್ಲ? ಅಂವ ಆಕಿಗೆ ಸೀರಿ ಯಾಕ ಉಡಸಲಿಲ್ಲ?"

"ಅವ್ರು ಅಣ್ಣ-ತಂಗಿ ಅಲ್ರಿ."

"ಮತ್ತ?"

"ದೋಸ್ತ್ರು!" ನಾನು ಒದರೇಬಿಟ್ಟೆ.

ಅತ್ತಿ ಜಪಮಣಿ ತಿರಗಸೂದು ನಿಂದರಿಸಿದ್ರು. ಆಮ್ಯಾಲ ಕೇಳಿದ್ರು: "ಅದು ಎಂಥಾ ಸಂಬಂಧವ್ವಾ? ಅದಕ್ಕ ಸೂತಕ ಎಷ್ಟು ದಿನ ಹಿಡೀಬೇಕು?"

೩. ನಡುವ ಕೂತ ಮುದುಕಿ

ಒಂದು ವಾರ ಪತ್ರಿಕಿ ತಗದು ನೋಡ್ತೀನಿ, ನನ್ನ ಕಥಿಯೊಳಗ ನಾ ಬರೀಲಾರದ ಒಂದು ಸಾಲು: 'ಅವರಿಬ್ಬರ ನಡುವೆ ಒಬ್ಬ ಮುದುಕಿ ಕುಳಿತಿದ್ದಳು.'

ಛಾಪಖಾನಿಗೆ ದಡಾದಡಾ ಹೋದೆ. ಅಲ್ಲಿ ಅಚ್ಚಿನ ಮೊಳಿ ಜೋಡಸೂ ಅಜ್ಜ ಕನ್ನಡಕ ಏರಿಸಿ ನೋಡಿದ. "ಅಜ್ಜಾರ, ಯಾರ್ರಿ ಈ ಮುದುಕಿ?"

"ನೀವು ಗಂಡು-ಹೆಣ್ಣು ಇಬ್ಬರನ್ನೇ ಒಂದು ಬೆಂಚಿನ ಮ್ಯಾಲ ಕೂಡಿಸಿ ಹೋಗೀರಿ ಅಕ್ಕೋರ. ಕೈಯಾಗ ಮೊಳಿ ಹಿಡಕೊಂಡು ನಾ ಹೆಂಗ ಸುಮ್ಮ ಇರಲಿ? ಮಂದಿ ಏನಾರ ಅಂದಾರು ಅಂತ ನಮ್ಮವ್ವನ್ನ ತಂದು ಕೂಡಿಸೀನಿ."

"ಇನ್ನ ಮ್ಯಾಲ ಆಕಿ ಬರಕೂಡದು!"

"ಬರೂದಿಲ್ಲ ಬಿಡ್ರಿ. ಮಂಡಿ ನೋವು, ಪಾಪ. ಅಷ್ಟು ದೂರ ಒಂದ ಸಲ ಬಂದದ್ದೇ ಹೆಚ್ಚು."

ನನ್ನ ಹೊಟ್ಟಿಗೆ ಬೆಂಕಿ ಬಿದ್ದದ್ದು ಇದಕ್ಕಲ್ಲ. ಒಂದು ವರ್ಷ ಜೀವಾ ತೇದು ಇಬ್ಬರ ಗೆಳೆತನ ಬರದೀನಿ. ಮರುದಿನ ಸಾಲಿಯ ಹೆಡ್‌ಬಾಯಿ ನನ್ನ ತಡದು ಕೇಳಿದ್ದು ಒಂದೇ ಮಾತು: "ಮುದುಕಿ ಆರಾಮ ಊರು ಮುಟ್ಟಿದ್ಲೇನ್ರಿ?"

೪. ಖಾನಾಪುರದ ಬೀಗರು

ಕಡೀ ಪ್ರಕರಣ ಬರದೆ. ಲಗ್ನ ಇಲ್ಲ, ಸಾವು ಇಲ್ಲ. ಗಾಡಿ ತಡಾ ಆಗೇದ, ಇಬ್ರೂ ಸೇಂಗಾ ತಿನ್ನಾಕ್ಹತ್ಯಾರ. ಅಷ್ಟೇ. ಅದನ್ನ ತಗೊಂಡು ಹೋದ್ರ, ಸಂಪಾದಕರು ಆಗಲೇ ಲೇಖಣಿ ಹಿಡದು ಮದುವಿ ಚಪ್ಪರ ಹಾಕಸಾಕ್ಹತ್ತಿದ್ರು! ನಾನು ಸೆರಗು ಕಟ್ಟಿ ಜಗಳಕ್ಕ ನಿಂತೆ. ಇಬ್ಬರದೂ ಧ್ವನಿ ಏರಿತ್ತು. ಅಷ್ಟರಾಗ ರುಮಾಲು ಸುತ್ತಿದ ಒಬ್ಬ ದೊಡ್ಡ ಮನಷ್ಯಾ ಬಡಿಗಿ ಊರಕೋತ ಒಳಗ ಬಂದ.

"ಖಾನಾಪುರದಿಂದ ಬಂದೀನ್ರಿ. ಆ ಸ್ಟೇಷನ್ ಮಾಸ್ತರನ ಕಥಿ ಬರ್ಯಾಕಿ ಯಾರು?"

"ನಾನ್ರಿ. ಏನಾಗಬೇಕಿತ್ತು?"

"ಮಂದಿ ಏನರ ಅನ್ನಲಿ ತಂಗಿ, ಅಂವ ಮತ್ತ ನರ್ಸಬಾಯಿ ಬರೇ ದೋಸ್ತ್ರು. ಖರೇ ಹೌದಲ್ಲೇನು?"

ನನ್ನ ಕಣ್ಣಾಗ ನೀರು ಬಂತು. ಇಡೀ ಜಿಲ್ಲಾದಾಗ ತಿಳದಾಂವ ಒಬ್ಬರ ಸಿಕ್ಕನಲ್ಲ! "ಕೇಳಿದ್ರೇನು ರಾಯರ?" ಅಂತ ಸಂಪಾದಕರ ಕಡೆ ತಿರಗಿದೆ. "ಕುಂದರ್ರಿ, ಕುಂದರ್ರಿ. ಖರೇನ ಅಣ್ಣಾವರ, ಬರೇ ದೋಸ್ತ್ರು!"

"ಹಂಗಾರ ವರ ಖಾಲಿ ಅದಾನ. ನನ್ನ ಮಗಳನ್ನ ಕೊಡಬೇಕಂತ ಮಾಡೀನಿ. ಗುಂಜಿಗೆ ಹೋಗಿದ್ದೆ, ಅಲ್ಲಿ ಬ್ಯಾರೆ ಮಾಸ್ತರ ಕೂತಾನ. ಇವಗ ಎಲ್ಲಿಗೆ ಬದಲಿ ಆತು, ದೇಸೂರಿಗೇನು?"

ನಾನು ತಲಿ ಹಿಡಕೊಂಡೆ. "ಅಣ್ಣಾವರ, ಅಂಥ ಮನಷ್ಯಾನೇ ಇಲ್ರಿ. ಅದು ಕಥಿ."

ಅಂವ ನನ್ನ ಮಾರಿ ನೋಡಿ ನಿಟ್ಟುಸಿರು ಬಿಟ್ಟ. "ಊರೂರು ತಿರಗೀನಿ ತಂಗಿ. ಜಾತಕ ಕೂಡಂಗಿಲ್ಲ ಅಂದ್ರು, ಹುಡುಗಿ ಗಿಡ್ಡ ಅಂದ್ರು. ವರನೇ ಇಲ್ಲ ಅಂದಾಕಿ ನೀನೇ ಮೊದಲು!"

ಅಂವ ಮುಂದವರದ: "ಒಂದೇ ಕರಾರು. ಲಗ್ನಾದ ಮ್ಯಾಲ ಆ ನರ್ಸಬಾಯಿ ಜೋಡಿ ಸೇಂಗಾ ತಿನ್ನೂದು ಬಂದ್ ಆಗಬೇಕು."

ಅಷ್ಟೇ, ನನ್ನ ತಲಿ ಕೆಟ್ಟು ಹೋತು. ವರ ಇಲ್ಲ ಅಂತ ಈಗರ ಹೇಳಿದ್ದು ಮರತೇ ಹೋತು. "ಆಗೂದಿಲ್ಲ! ನಮ್ಮ ಹುಡುಗ ಬೇಕಾದ್ರ ಹೆಂಡತೀನ ಬಿಟ್ಟಾನು, ಆ ಸೇಂಗಾ ಬಿಡಂಗಿಲ್ಲ! ಏನ ತಿಳದೀರಿ ನೀವೆಲ್ಲಾರು? ಇಬ್ರು ಒಂದು ತಾಸು ನಗಕೋತ ಕೂತ್ರ ನಿಮ್ಮ ಗಂಟೇನು ಹೋಗತದ?"

ಜಗಳ ತಣ್ಣಗ ಮಾಡಾಕ ಅಂತ ಸಂಪಾದಕರು ನಡುವ ಬಾಯಿ ಹಾಕಿದ್ರು. "ಸಿಟ್ಟಾಗಬ್ಯಾಡ್ರಿ ಯಜಮಾನರ. ಹುಡುಗಗ ನರ್ಸಬಾಯಿ ಜೋಡಿನೇ ಲಗ್ನ ನಕ್ಕಿ ಆಗೇದ. ಈಗರ ನಾನೇ ಬರಿಯಾಕ್ಹತ್ತೀನಿ."

"ನೀ ಬರಿಯಾಕ್ಹತ್ತಿ?" ಖಾನಾಪುರದಾಂವ ಬಡಿಗಿ ಎತ್ತಿದ. "ನನ್ನ ಅಳಿಯನ್ನ ಕಸಗೊಳ್ಳಾಂವ ನೀನೇ ಏನಲೇ? ಬರಿ ನೋಡೂಣು! ನಾಳಿ ಮುಂಜಾನೆ ಗಾಡಿಗೆ ನಮ್ಮ ಮಂದೀನ ತುಂಬಕೊಂಡು ಬರ್ತೀನಿ!"

ಸಂಪಾದಕರ ಮಾರಿ ಸುಣ್ಣ ಬಡದಂಗಾತು. ಬರದ ಲಗ್ನ ಅಲ್ಲೇ ಟರ್ರನೆ ಹರದ್ರು, ನನ್ನ ಹಾಳಿ ಕಸಗೊಂಡು, ಮೊಳಿ ಜೋಡಸೂ ಅಜ್ಜನ್ನ ಕರದು ಅವನ ಕೈಯಾಗ ಇಟ್ರು. "ಇದ್ದಂಗ ಜೋಡಸು, ಒಂದು ಅಕ್ಷರ ಕೂಡಸಬ್ಯಾಡ!"

ನನ್ನ ಗೆಳೆತನ ಉಳೀತು. ಬಡಿಗಿ ಅಂಜಿಕಿಗೆ ಉಳೀತಲ್ಲಾ ಅಂತ ಮತ್ತೂ ಸಿಟ್ಟು ಬಂತು.

ಖಾನಾಪುರದಾಂವ ರುಮಾಲು ಸರಿ ಮಾಡಕೊಂಡು ಹೊರಟ. ಬಾಗಲದಾಗ ನಿಂತು ತಿರಗಿ ನೋಡಿದ. "ಇರಲಿ ತಂಗಿ. ಅವಗ ಯಾರರ ತಮ್ಮ ಇದ್ರ ತಿಳಸು. ಆದ್ರ ದೋಸ್ತ್ರು ಇಲ್ದಾಂವ ಬೇಕು ನೋಡು."